ಕೇಸರಿಯ ಕೆಳಗಿನ ಮುಖ

ಸಿಂಹವೇಷವನ್ನು ಧರಿಸುವವನು ತನ್ನ ಮುಖವನ್ನು ಮರೆಮಾಡಲೇಬೇಕೆಂಬ ರೂಢಮೂಲವಾದ ನಂಬಿಕೆಯನ್ನು, 1997ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ‘ದಿ ಲಯನ್ ಕಿಂಗ್’ ಕಥೆಯನ್ನು ತಂದ ನಿರ್ದೇಶಕಿ ಜೂಲಿ ಟೇಮರ್ ಅವರು ಮುರಿದುದು, ವೇಷಕಲೆಯ ಚರಿತ್ರೆಯಲ್ಲಿ ಮಹತ್ತರವಾದ ಸಾಧನೆಯೆಂದು ನಾನು ಬಗೆಯುತ್ತೇನೆ. ಮೃಗರಾಜ ಮುಫಾಸನ ಮುಖವಾಡವು ನಟನ ಮುಖವನ್ನು ಮುಚ್ಚದೆ ಶಿರಸ್ಸಿನ ಮೇಲೆ ಕಿರೀಟದಂತೆ ನಿಲ್ಲುತ್ತದೆ. ಕ್ರೋಧದಿಂದ ಅವನು ಮುಂದಕ್ಕೆ ಬಾಗಿದಾಗ ಮಾತ್ರ ಅದು ಕೆಳಗಿಳಿದು ಮನುಷ್ಯನನ್ನು ಮೃಗವಾಗಿಸುತ್ತದೆ. ಚೀತಾದ ವೇಷದಲ್ಲಿಯಂತೂ ನರ್ತಕಿಯ ಕಾಲುಗಳೇ ಮೃಗದ ಹಿಂಗಾಲುಗಳಾಗಿ, ಮುಂದಿನ ದೇಹವು ಅವಳ ಕೈಗಳ ಚಲನೆಯಿಂದ ಜೀವತಳೆಯುತ್ತದೆ. ರಾಜನು ಮಡಿದಾಗ ಸಿಂಹಿಣಿಯರು ಮುಖವಾಡದ ಕಣ್ಣುಗಳಿಂದ ಬಿಳಿಯ ಪಟ್ಟಿಗಳನ್ನು ಕಣ್ಣೀರಿನ ಧಾರೆಯಂತೆ ಎಳೆಯುವ ದೃಶ್ಯದಲ್ಲಿ ಶೋಕವು ಬಟ್ಟೆಯದೂ ಅಹುದು, ಮನುಷ್ಯರದೂ ಅಹುದು.

ಮುಖದ ಈ ಶಕ್ತಿಗೆ ಹಳೆಯ ನಿದರ್ಶನವೂ ಉಂಟು: 1939ರ ‘ದಿ ವಿಝರ್ಡ್ ಆಫ್ ಆಝ್’ ಚಿತ್ರದಲ್ಲಿ ಹೇಡಿ ಸಿಂಹನಾಗಿದ್ದ ಬರ್ಟ್ ಲಾರ್ ನಿಜವಾದ ಸಿಂಹಚರ್ಮದ, ಸುಮಾರು 40 ಕಿಲೋ ತೂಕದ ಉಡುಪನ್ನು ಪ್ರಖರವಾದ ದೀಪಗಳ ಬೇಗೆಯಲ್ಲಿ ಹೊತ್ತರು. ಆದರೂ ನಮ್ಮ ನೆನಪಿನಲ್ಲಿ ಉಳಿದುದು ಆ ಚರ್ಮವಲ್ಲ, ಬಣ್ಣದಡಿಯಲ್ಲಿಯೂ ಅಡಗದ ಆತನ ಭಯಗ್ರಸ್ತ ಮುಖ.

ಆದಕಾರಣ, ಶಾಲೆಯ ಛದ್ಮವೇಷ ಸ್ಪರ್ಧೆಗೆ ಮಗುವನ್ನು ಮುಫಾಸನ ಮರಿ ಸಿಂಬನನ್ನಾಗಿ ಸಿಂಗರಿಸುವ ತಾಯ್ತಂದೆಯರಲ್ಲಿ ನನ್ನ ವಿನಂತಿಯಿಷ್ಟೆ: ಉಸಿರುಗಟ್ಟಿಸುವ ಪ್ಲಾಸ್ಟಿಕ್ ಮುಖವಾಡವನ್ನು ಬಿಟ್ಟು, ಹಣೆಯ ಮೇಲೊಂದು ರಟ್ಟಿನ ಕೇಸರಿಯನ್ನು ಕಟ್ಟಿರಿ, ಗರ್ಜಿಸುವಾಗ ಆ ಕಂದನ ಕಣ್ಣುಗಳು ಎಲ್ಲರಿಗೂ ಕಾಣಲಿ.