ಬೈಕಿಗೆ ಶಟರ್ ರಿಮೋಟ್: ತೆಗೆಯೋಕೆ ಇರಲಿ, ಮುಚ್ಚೋಕೆ ಬೇಡ

ತೋಟದ ಶೆಡ್ಡಿಗೆ ಮೋಟಾರ್ ಶಟರ್ ಹಾಕಿಸಿದ ಮೇಲೆ ರಿಮೋಟನ್ನ ಬೈಕಿನ ಹ್ಯಾಂಡಲ್ಲಿಗೇ ಕಟ್ಟಿದ್ದೆ. ನೋಡಿದವರೆಲ್ಲ "ನಮಗೂ ಹೇಳ್ಕೊಡ್ರಿ" ಅಂತಿದ್ದಾರೆ. ಹೇಳ್ತೀನಿ. ಆದ್ರೆ ನಾನು ಮೊದಲು ಮಾಡಿದ ಹಾಗೆ ಮಾತ್ರ ಮಾಡಬೇಡಿ.

ಅನುಕೂಲ ಇರೋದು ನಿಜ. ಮಳೆ ಹೊಡೀತಿರುತ್ತೆ, ಹಿಂದೆ ಹುಲ್ಲಿನ ಹೊರೆ, ಕೆಸರಲ್ಲಿ ಸೈಡ್ ಸ್ಟ್ಯಾಂಡ್ ನಿಲ್ಲಲ್ಲ. ಇಳಿದು ಜೇಬು ತಡಕೋದರೊಳಗೆ ಬೈಕ್ ಒಂದು ಕಡೆ, ಹೊರೆ ಒಂದು ಕಡೆ. ಕೂತಲ್ಲೇ ಬಟನ್ ಒತ್ತಿ ಸೀದಾ ಒಳಗೆ ಹೋದ್ರೆ ಅದಕ್ಕಿಂತ ಸುಖ ಏನಿದೆ?

ಅಡಿಕೆ ಸುಗ್ಗಿ ಟೈಮು. ಬೈಕ್ ಶೆಡ್ಡಿನ ಮುಂದೆ ನಿಲ್ಸಿದ್ದೆ, ಕೀ ನನ್ನ ಜೇಬಲ್ಲೇ ಇತ್ತು. ಕೆಲಸಕ್ಕೆ ಬಂದವರ ಹುಡುಗ ಬೈಕ್ ಹತ್ತಿ ಆಡ್ತಾ ಇಳಿಸೋ ಬಟನ್ ಒತ್ತಿಬಿಟ್ಟ. ತಲೆ ಮೇಲೆ ಚೀಲ ಹೊತ್ತವನೊಬ್ಬ ಅದೇ ಹೊತ್ತಿಗೆ ಬಾಗಿಲಲ್ಲಿದ್ದ. ಚೀಲ ಹೊತ್ತವನಿಗೆ ಮೇಲಿಂದ ಬರೋದು ಎಲ್ಲಿ ಕಾಣುತ್ತೆ? ಯಾರೋ ಕೂಗಿದ್ರು, ನಾನು ಓಡಿಹೋಗಿ ಸ್ಟಾಪ್ ಒತ್ತಿದೆ. ಶಟರ್ ಚೀಲಕ್ಕೆ ತಾಗಿ ನಿಂತಿತ್ತು. ಹುಡುಗನಿಗೆ ಬೈದೆ. ರಾತ್ರಿ ಮಲಗಿದಾಗ ಅನ್ನಿಸ್ತು, ಬೈಸ್ಕೋಬೇಕಾದವನು ನಾನು.

ಮಾರನೇ ದಿನವೇ ಎಲ್ಲ ಕಿತ್ತು ಬೇರೆ ತರ ಮಾಡಿಸಿದೆ. ರಿಮೋಟ್ ಈಗ ಹೆಡ್‌ಲೈಟ್ ಪಕ್ಕದ ಪ್ಲಾಸ್ಟಿಕ್ ಕವರ್ ಒಳಗಿದೆ. ತಗಡಿನ ಟೂಲ್ ಬಾಕ್ಸಲ್ಲಿ ಇಟ್ರೆ ಸಿಗ್ನಲ್ ತಡೆಯುತ್ತೆ. ಅದರ ಸೆಲ್ ಅದಕ್ಕೇ ಇರಲಿ, ಬೈಕ್ ಬ್ಯಾಟರಿಯಿಂದ ನೇರ ಕೊಡಬೇಡಿ. ಗಾಡಿ ಓಡುವಾಗ ಲೈನಲ್ಲಿ 14 ವೋಲ್ಟ್ ಮೇಲೂ ಬರುತ್ತೆ, 3 ವೋಲ್ಟಿನ ಬಟನ್ ಸೆಲ್ ರಿಮೋಟ್ ಆದ್ರೆ ಸುಟ್ಟೇ ಹೋಗುತ್ತೆ. ರಿಮೋಟ್ ಬಿಚ್ಚಿ 'ಏರಿಸೋ' ಬಟನ್ನಿನ ಎರಡು ಕಾಲಿಗೆ ಮಾತ್ರ ವೈರ್ ಬೆಸುಗೆ ಹಾಕಿಸಿ, ಅದನ್ನ ಒಂದು ಚಿಕ್ಕ 12 ವೋಲ್ಟ್ ರಿಲೇಗೆ ಕೊಡಿಸಿ. ಆ ರಿಲೇ ಕೆಲಸ ಮಾಡೋಕೆ ಹ್ಯಾಂಡಲ್ಲಲ್ಲಿ ಒಂದು ಬಟನ್, ಅದಕ್ಕೆ ಕರೆಂಟು ಕೀ ಆನ್ ಮಾಡಿದಾಗ ಮಾತ್ರ ಬರೋ ಲೈನಿಂದ, ನಡುವೆ ಒಂದು ಫ್ಯೂಸ್. ಹಳೇ ಗಾಡಿಗಳಲ್ಲಿ ಹೆಡ್‌ಲೈಟ್ ವೈರಿಗೆ ಕೈ ಹಾಕಬೇಡಿ. ಸುಮಾರು ಗಾಡಿಗಳಲ್ಲಿ ಅದು ಬ್ಯಾಟರಿಯದ್ದಲ್ಲ, ಮ್ಯಾಗ್ನೆಟ್‌ನಿಂದ ಬರೋ ಎಸಿ. ಹಾರ್ನ್ ಅಥವಾ ಇಂಡಿಕೇಟರ್ ಲೈನ್ ನೋಡಿ ಅಂತ ಮೆಕ್ಯಾನಿಕ್‌ಗೆ ಹೇಳಿದ್ರೆ ಅರ್ಥ ಆಗುತ್ತೆ.

ಈಗ ಕೀ ಇಲ್ಲದೆ ಯಾರು ಒತ್ತಿದ್ರೂ ಏನೂ ಆಗಲ್ಲ. ಇಳಿಸೋ ಬಟನ್ ಬೈಕಲ್ಲಿ ಇಲ್ವೇ ಇಲ್ಲ. ಮುಚ್ಚಬೇಕಂದ್ರೆ ಇಳಿದು, ಬಾಗಿಲ ಮುಂದೆ ನಿಂತು, ನಾಯಿ ಮಗು ಯಾರೂ ಇಲ್ಲ ಅಂತ ಕಣ್ಣಲ್ಲಿ ನೋಡಿ ಗೋಡೆ ಸ್ವಿಚ್ಚಿಂದ ಮುಚ್ಚಬೇಕು. ಅರ್ಧ ನಿಮಿಷ ಹೋಗುತ್ತೆ, ಹೋಗಲಿ.

ಇನ್ನೊಂದು ಮಾತು. ನಮ್ಮ ಕಡೆ ಬೈಕ್ ಅಂದ್ರೆ ಊರಿನ ಆಸ್ತಿ. "ಅಣ್ಣ, ಪೇಟೆಗೆ ಹೋಗ್ಬಂದ್ಬಿಡ್ತೀನಿ" ಅಂದ್ರೆ ಇಲ್ಲ ಅನ್ನೋಕಾಗಲ್ಲ. ರಿಮೋಟ್ ಕಟ್ಟಿದ ಬೈಕ್ ಕೊಟ್ರೆ ಅಡಿಕೆ ಚೀಲ ಇರೋ ಶೆಡ್ಡಿನ ಬೀಗದ ಕೈಯನ್ನೂ ಕೊಟ್ಟಂಗೆ. ಅಗ್ಗದ ರಿಮೋಟ್‌ಗಳು ಸುಮಾರು ಪ್ರತಿ ಸಲ ಒಂದೇ ಕೋಡ್ ಕಳಿಸ್ತವೆ, ಅಂಥವನ್ನ ಕಾಪಿ ಮಾಡೋದು ಸುಲಭ. ಹೊಸದಾಗಿ ತಗೊಳ್ಳೋರು ಪ್ರತಿ ಸಲ ಕೋಡ್ ಬದಲಾಗೋ ರೋಲಿಂಗ್ ಕೋಡ್ ರಿಮೋಟ್ ಕೇಳಿ ತಗೊಳ್ಳಿ. ನಾನಂತೂ ರಾತ್ರಿ ಶಟರಿನ ಮೇನ್ ಸ್ವಿಚ್ ಆಫ್ ಮಾಡಿ ಕೆಳಗೆ ಕೈಬೀಗ ಹಾಕ್ತೀನಿ. ಬೆಳಿಗ್ಗೆ ಬೀಗ ತೆಗೆಯೋ ಮುಂಚೆ ಸ್ವಿಚ್ ಹಾಕಲ್ಲ, ಬೀಗ ಇದ್ದಾಗ ಮೋಟಾರ್ ಎಳೆದ್ರೆ ಶಟರ್ ಹಾಳು.

ಬೋರಿನ ಮೋಟಾರ್ ರಿಮೋಟನ್ನೂ ಹೀಗೇ ಬೈಕಿಗೆ ಹಾಕ್ಬಹುದಾ ಅಂತ ಇಬ್ಬರು ಕೇಳಿದ್ರು. ಬೇಡ. ಸ್ಟಾರ್ಟರ್ ಡಬ್ಬದಲ್ಲಿ ಯಾರ ಕೈ ಇದೆಯೋ ರಸ್ತೆಯಿಂದ ನಿಮಗೆ ಕಾಣಲ್ಲ. ಕಣ್ಣಿಗೆ ಕಾಣದ್ದನ್ನ ಬೈಕ್ ಮೇಲೆ ಕೂತು ಚಾಲೂ ಮಾಡೋದು ಬೇಡ.