ವಿಷ 'ಇದೆ' ಎಂದರೆ ಸಾಲದು, 'ಯಾವಾಗ' ಎಂಬುದನ್ನೂ ಕಲಿಸೋಣ

ಹಳ್ಳಿಖೇಡ (ಬಿ)ಯ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುವಾಗ ಬಿಟಿ, ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್‌ನ ಉದಾಹರಣೆ ಕೊಟ್ಟೆ. ಮಣ್ಣಿನಲ್ಲಿರುವ ಈ ಬ್ಯಾಕ್ಟೀರಿಯಾ ಹುಳ ಕೊಲ್ಲುವ ವಿಷ ತಯಾರಿಸುತ್ತದೆ ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ: "ಸರ್, ಮಣ್ಣಾಗೇ ವಿಷ ಇದ್ರ ನಮ್ಮ ತೊಗರಿಗಿ ಹುಳ ಯಾಕ ಬೀಳ್ತಾವ?" ನನಗೆ ಉತ್ತರ ಹೊಳೆಯಲಿಲ್ಲ. ಮುಂದಿನ ತರಗತಿಯಲ್ಲಿ ಬರುತ್ತದೆ ಎಂದು ಕೂರಿಸಿದೆ. ವೀಕ್ಷಣಾ ಹಾಳೆಯಲ್ಲಿ 'ತರಗತಿ ನಿಯಂತ್ರಣ ಉತ್ತಮ' ಎಂದು ಬಂತು!

ಉತ್ತರ ಇರುವುದು ವಂಶವಾಹಿಗಳ ನಿಯಂತ್ರಣದಲ್ಲಿ. ಆಹಾರ ಸಿಗುವಷ್ಟು ದಿನ ಬಿಟಿ ಕೋಶ ಬೆಳೆದು ಇಬ್ಭಾಗವಾಗುತ್ತಿರುತ್ತದೆ. ಅದರ ಹೆಚ್ಚಿನ ಕ್ರೈ ವಂಶವಾಹಿಗಳು ಆಗ ಸುಮ್ಮನಿರುತ್ತವೆ. ಆಹಾರ ಮುಗಿದಾಗ ಎಸ್‌ಪಿಓ-ಝೀರೋ-ಎ ಎಂಬ ಪ್ರೋಟೀನಿಗೆ ಫಾಸ್ಫೇಟ್ ಸೇರಿ, ಕೋಶ ಬೀಜಾಣು ಕಟ್ಟಲು ತೊಡಗುತ್ತದೆ. ಆಗ ತಾಯಿಕೋಶದಲ್ಲಿ ಮೊದಲು ಸಿಗ್ಮಾ-ಇ, ಆಮೇಲೆ ಸಿಗ್ಮಾ-ಕೆ ಬಂದು ಕ್ರೈ ವಂಶವಾಹಿಯನ್ನು ಓದಿಸುತ್ತವೆ. ತಯಾರಾದ ಪ್ರೋಟೀನ್ ಹರಳುಗಟ್ಟುತ್ತದೆ. ಕೋಶದ ಒಣತೂಕದಲ್ಲಿ ಅದು ಶೇ. 20ರಿಂದ 30ರಷ್ಟಾಗಬಹುದು. ಹಸಿದ ಜೀವಿ ಇಷ್ಟು ಖರ್ಚು ಮಾಡುವುದು ನನಗೆ ಈಗಲೂ ಸೋಜಿಗ. (ಕ್ರೈ-3ಎ ಈ ನಿಯಮಕ್ಕೆ ಅಪವಾದ, ಅದು ಬೀಜಾಣುವಿಗೆ ಕಾಯುವುದಿಲ್ಲ.)

ಹರಳು ತಾನಾಗಿ ಕೊಲ್ಲುವುದೂ ಇಲ್ಲ. ಹುಳ ಅದನ್ನು ನುಂಗಬೇಕು, ಅದರ ಕರುಳಿನ ಕ್ಷಾರದಲ್ಲಿ ಹರಳು ಕರಗಬೇಕು. ತೊಗರಿಯ ಕಾಯಿಕೊರಕ ಇರುವುದು ಕಾಯಿಯೊಳಗೆ, ಹರಳು ಇರುವುದು ಮಣ್ಣಿನಲ್ಲಿ. ಹೀಗಾಗಿಯೇ ಬಿಟಿಯನ್ನು ಸಿಂಪಡಿಸುವುದು, ಅದೂ ಮರಿಹುಳು ಕಾಯಿ ಹೊಕ್ಕುವ ಮೊದಲೇ. ಬಿಸಿಲಿಗೆ ಅದು ಕೆಲ ದಿನಗಳಲ್ಲೇ ಕೆಡುತ್ತದೆ.

ಇದೆಲ್ಲ ಎಂಟನೇ ತರಗತಿಗೆ ಭಾರ ಎಂದು ಸಹಪಾಠಿಗಳು ಹೇಳಿದರು. ಸಿಗ್ಮಾ ಹೆಸರುಗಳು ಭಾರವೇ, ಒಪ್ಪುತ್ತೇನೆ. ಆದರೆ 'ಯಾವಾಗ' ಎಂಬ ಪ್ರಶ್ನೆ ಭಾರವಲ್ಲ. ನಮ್ಮ ಪಾಠಯೋಜನೆಗಳು 'ಉಪಯುಕ್ತ', 'ಹಾನಿಕಾರಕ' ಎಂಬ ಎರಡು ಕಲಮುಗಳಲ್ಲಿ ಜೀವಿಗಳನ್ನು ಹಂಚಿ ಮುಗಿಸುತ್ತವೆ. ಜೀವಿ ಏನು ಮಾಡುತ್ತದೆ ಎಂಬುದು ಅದರ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಅನಿರೀಕ್ಷಿತ ಪ್ರಶ್ನೆಗೆ ಐದು ನಿಮಿಷ ಕೊಟ್ಟರೆ ವೀಕ್ಷಕರು ಅಂಕ ಕಳೆಯಬಾರದು ಎಂಬುದು ನನ್ನ ವಿನಂತಿ.

ಎರಡು ದಿನ ಬಿಟ್ಟು ಹಲಗೆಯ ಮೇಲೆ 'ಆಹಾರ ಇದೆ', 'ಆಹಾರ ಮುಗಿಯಿತು' ಎಂದು ಎರಡು ಕೋಶ ಬರೆದು ಆ ಹುಡುಗನಿಗೆ ಉತ್ತರ ಹೇಳಿದೆ. ಅವನು ಕೇಳಿದ: "ಹಂಗಾದ್ರ ಅದಕ್ಕ ಹಸಿವು ಆಗ್ಯಾದ ಅಂತ ಹ್ಯಾಂಗ ತಿಳೀತದ?"