ಗುಮಾನಿಯೆಲ್ಲ ಎಣ್ಣೆಯ ಮೇಲೇಕೆ?

ಸವಣೂರಿನ ಬಸ್‌ಸ್ಟ್ಯಾಂಡ್ ಬದಿಯ ಅಂಗಡಿಗಳಲ್ಲಿ ಮಿರ್ಚಿಯನ್ನು ಹಳೇ ಪೇಪರಿನೊಳಗೆ ಒತ್ತಿ, ಎಣ್ಣೆ ಹಿಂಡಿ ತಿನ್ನುವವರಿದ್ದಾರೆ. 'ಲಿವರಿನ್ಯಾಗ ಕೊಬ್ಬು ಐತಿ ಅಂದಾರ್ರೀ ಡಾಕ್ಟ್ರು' ಎನ್ನುತ್ತಲೇ ಎರಡನೇ ಚಾ ತರಿಸುತ್ತಾರೆ, ಸಕ್ಕರೆ ಜಾಸ್ತಿ ಹಾಕಿಸಿ. ಕೊಬ್ಬು ಕೊಬ್ಬಿನಿಂದಲೇ ಹುಟ್ಟಬೇಕೆಂಬುದು ಅವರ ಲೆಕ್ಕ. ಯಕೃತ್ತಿನ ಲೆಕ್ಕ ಬೇರೆ.

ಹಿರೇಕೆರೂರು, ಶಿಗ್ಗಾವಿಯ ರೈತರಿಗೆ ಇದನ್ನು ಗೋವಿನಜೋಳದಿಂದಲೇ ವಿವರಿಸಬಹುದು. ಫ್ರಾನ್ಸಿನಲ್ಲಿ ಬಾತುಗಳ ಗಂಟಲಿಗೆ ಕೊಳವೆ ಇಳಿಸಿ ಗೋವಿನಜೋಳ ತುರುಕುತ್ತಾರೆ. ಆ ಕಾಳಿನಲ್ಲಿ ಎಣ್ಣೆ ನೂರಕ್ಕೆ ನಾಲ್ಕೈದು ಪಾಲು, ಬಹುಪಾಲು ಪಿಷ್ಟವೇ. ಆದರೂ ಕೆಲವೇ ವಾರಗಳಲ್ಲಿ ಯಕೃತ್ತು ಹಲವು ಪಟ್ಟು ಊದಿ ಕೊಬ್ಬಿನ ಮುದ್ದೆಯಾಗುತ್ತದೆ. ಅದೇ ದುಬಾರಿ ತಿನಿಸು ಫ್ವಾ ಗ್ರಾ. ಭಾರತ 2014ರಲ್ಲಿ ಅದರ ಆಮದನ್ನೇ ನಿಷೇಧಿಸಿತು, ಒಳ್ಳೆಯದೇ ಮಾಡಿತು.

ನಮ್ಮ ಯಕೃತ್ತು ಬಾತಿನಷ್ಟು ಚುರುಕಲ್ಲ, ಆದರೆ ಕಸುಬು ಅದೇ. ಉಂಡ ಪಿಷ್ಟ ಗ್ಲೂಕೋಸ್ ಆಗುತ್ತದೆ. ಗ್ಲೈಕೋಜನ್ನಿನ ಕಣಜ ತುಂಬಿದ ಮೇಲೂ ಗ್ಲೂಕೋಸ್ ಬರುತ್ತಲೇ ಇದ್ದರೆ, ಇನ್ಸುಲಿನ್ ಕಿಣ್ವಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಅವು ಎರಡೆರಡು ಇಂಗಾಲವನ್ನು ಪೋಣಿಸುತ್ತ 16 ಇಂಗಾಲದ ಪಾಮಿಟಿಕ್ ಆಮ್ಲವೆಂಬ ಕೊಬ್ಬಿನಾಮ್ಲ ಕಟ್ಟುತ್ತವೆ. ಸಕ್ಕರೆಯ ಅರ್ಧ ಪಾಲಾದ ಫ್ರಕ್ಟೋಸ್‌ಗಂತೂ ಯಕೃತ್ತಿನಲ್ಲಿ ಕೊಬ್ಬಾಗಲು ಗ್ಲೂಕೋಸಿಗಿರುವಷ್ಟು ತಡೆಗಳಿಲ್ಲ.

ಹಾಗಂತ ರೊಟ್ಟಿಯನ್ನೋ ಹಾನಗಲ್ಲಿನ ಅನ್ನವನ್ನೋ ಕಟಕಟೆಗೆ ಎಳೆಯಲಾರೆ. ಅಮೆರಿಕದಲ್ಲಿ ಕೊಬ್ಬಿನ ಯಕೃತ್ತಿನ ಕೆಲವೇ ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅವರ ಯಕೃತ್ತಿನ ಕೊಬ್ಬಿನಲ್ಲಿ ಅಲ್ಲೇ ತಯಾರಾದದ್ದು ಶೇ. 26. ಊಟದ ಕೊಬ್ಬು ನೇರವಾಗಿ ಬಂದದ್ದು ಶೇ. 15. ಉಳಿದ ಶೇ. 59 ಮೈಯ ಕೊಬ್ಬಿನ ದಾಸ್ತಾನಿನಿಂದ ರಕ್ತದಲ್ಲಿ ಹರಿದು ಬಂದಿತ್ತು. ಮಿರ್ಚಿಯ ಎಣ್ಣೆಯೂ ಆ ದಾಸ್ತಾನು ಸೇರಿಯೇ ಸುತ್ತುದಾರಿಯಲ್ಲಿ ಬಂದೀತು. ಆರೋಗ್ಯವಂತರಲ್ಲಿ ಯಕೃತ್ತಿನ ಸ್ವಂತ ತಯಾರಿ ಇನ್ನೂ ಕಡಿಮೆ.

ಆದ್ದರಿಂದ ತಪ್ಪು ಯಾವುದೋ ಒಂದು ತಿನಿಸಿನದ್ದಲ್ಲ, ಮಿಕ್ಕಿದ್ದರದ್ದು. ಎತ್ತಿನ ಹಿಂದೆ ದಿನವಿಡೀ ನಡೆದ ಅಜ್ಜ ನಾಲ್ಕು ರೊಟ್ಟಿಯನ್ನು ಹೊಲದಲ್ಲೇ ಕರಗಿಸುತ್ತಿದ್ದ. ಮೊಮ್ಮಗ ಟ್ರ್ಯಾಕ್ಟರಿನ ಮೇಲೆ ಕೂತೇ ಅಷ್ಟೂ ಹೊಲ ಹರಗುತ್ತಾನೆ. ಬುತ್ತಿ ಅಷ್ಟೇ ಇದೆ, ಮೇಲೆ ಐದು ಚಾ ಕೂಡಿವೆ. ಕುಡಿತದ ಚಟವಿಲ್ಲದ ಅವನಿಗೂ ಯಕೃತ್ತಿನ ಈ ರೋಗ ಬಂದರೆ ಮನೆಯವರು ಅವನನ್ನು ಕುಡುಕನೆಂಬ ಸಂಶಯದಿಂದ ನೋಡುವುದು ಅನ್ಯಾಯ.

ಮಿರ್ಚಿಯ ಎಣ್ಣೆ ಹಿಂಡಿಕೊಳ್ಳಿ, ಬೇಡವೆನ್ನುವುದಿಲ್ಲ, ಪೇಪರಿನ ಶಾಯಿಯ ಮಾತು ಬೇರೆ. ನಿಮ್ಮ ಚಾಕ್ಕೆ ಎಷ್ಟು ಚಮಚ ಸಕ್ಕರೆ ಬೀಳುತ್ತದೆಂದು ಮಾತ್ರ ನಾಳೆ ಅಂಗಡಿಯವರನ್ನು ಕೇಳಿ ನೋಡಿ.